ಫ್ಲ್ಯಾಂಜಿನ ಅಂಚಿನ ಲೆಕ್ಕ

ಕಂಪ್ಯೂಟರ್ ಸುಳ್ಳು ಹೇಳುವುದಿಲ್ಲ ಎಂದು ಯಾರಾದರೂ ಅಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಸುಳ್ಳು ಹೇಳುವುದಿಲ್ಲ, ಒಪ್ಪಿದೆ. ಆದರೆ ನಿಜವನ್ನೇ ಹೇಳುತ್ತದೆ ಎಂದು ನಿಮಗೆ ಯಾರಪ್ಪ ಹೇಳಿದ್ದು?

ಎಪ್ಪತ್ತರ ದಶಕದ ಮೊದಲ ವರ್ಷಗಳು. ಗೋರೆಗಾಂವ್‌ನಲ್ಲಿ ದೊಡ್ಡ ಟ್ರಾನ್ಸ್‌ಫಾರ್ಮರುಗಳಿಗೆ ಬುಶಿಂಗ್ ತಯಾರಿಸುವ ಕಾರ್ಖಾನೆಯೊಂದರ ಡಿಸೈನ್ ವಿಭಾಗದಲ್ಲಿದ್ದೆ. ಟ್ರಾನ್ಸ್‌ಫಾರ್ಮರಿನ ಉಕ್ಕಿನ ತೊಟ್ಟಿಯೊಳಗಿಂದ ಲಕ್ಷಗಟ್ಟಲೆ ವೋಲ್ಟಿನ ತಾಮ್ರದ ಸರಳು ಹೊರಗೆ ಬರಬೇಕು, ಆದರೆ ಉಕ್ಕಿಗೆ ಅದರ ಸೋಂಕೂ ಆಗಬಾರದು. ಆ ಸರಳಿಗೆ ತೊಡಿಸುವ, ಒಳಗೆ ಎಣ್ಣೆ ತುಂಬಿದ ಪಿಂಗಾಣಿಯ ಅಂಗಿಯೇ ಬುಶಿಂಗ್. ಅಂಗಿಯ ಸೊಂಟಕ್ಕೆ ಒಂದು ಲೋಹದ ಪಟ್ಟಿ, ತೊಟ್ಟಿಗೆ ಬಿಗಿಯುವುದಕ್ಕೆ. ಅದು ಫ್ಲ್ಯಾಂಜ್. ವಿದ್ಯುತ್ ಕ್ಷೇತ್ರದ ಒತ್ತಡವೆಲ್ಲ ಬಂದು ಸೇರುವುದು ಆ ಫ್ಲ್ಯಾಂಜಿನ ಅಂಚಿನಲ್ಲಿ. ಅಲ್ಲಿ ಮಿತಿ ಮೀರಿದರೆ ಮೊದಲು ನೀಲಿ ಬೆಳಕು ಕಾಣುತ್ತದೆ. ಆಮೇಲೆ ಢಂ.

ಆ ಢಂ ಎಂದರೇನೆಂದು ನಮ್ಮ ಟೆಸ್ಟಿಂಗ್ ಹಾಲಿನ ಮುಖ್ಯಸ್ಥರಿಗೆ ಚೆನ್ನಾಗಿ ಗೊತ್ತಿತ್ತು. ಉಡುಪಿ ಕಡೆಯವರು. ಹೋಟೆಲಿನಲ್ಲಿ ಕಪ್ಪು ತೊಳೆಯಲು ಮುಂಬಯಿಗೆ ಬಂದು, ನೈಟ್ ಸ್ಕೂಲು, ವಾಯರ್‌ಮನ್ ಪರೀಕ್ಷೆ ಎಂದು ಒಂದೊಂದೇ ಮೆಟ್ಟಿಲು ಹತ್ತಿದವರು. ಹಿಂದಿನ ಮಾದರಿಯ ಬುಶಿಂಗ್ ಪರೀಕ್ಷೆಯಲ್ಲಿ ಸಿಡಿದಾಗ ಪಿಂಗಾಣಿಯ ಚೂರೊಂದು ತಂತಿ ಜಾಲರಿ ದಾಟಿ ಬಂದು ಅವರ ಕಿವಿಯ ಅರ್ಧ ಹಾರಿಸಿಕೊಂಡು ಹೋಗಿತ್ತು. ನಾನು ಧಾರವಾಡದವಳು, ಅವರನ್ನು ‘ಅಣ್ಣಾರ’ ಅನ್ನುತ್ತಿದ್ದೆ. ಅವರು ನನಗಿಂತ ಎಷ್ಟೋ ದೊಡ್ಡವರಾದರೂ ‘ಲೆಕ್ಕದ ಅಕ್ಕ’ ಎಂದು ನನ್ನನ್ನು ಚುಡಾಯಿಸುತ್ತಿದ್ದರು.

ಕಿವಿ ಹೋದ ಮೇಲೆ ಜಾಲರಿಯ ಮುಂದೆ ದಪ್ಪ ಹಲಗೆಗಳ ಒಂದು ಅಡ್ಡ ಎದ್ದಿತು. ಅಣ್ಣಾರು ಅದರ ಹಿಂದೆ ನಿಂತು, ಸಣ್ಣ ಸೀಳಿನಿಂದ ಇಣುಕಿ ನೋಡಬೇಕು. ಶಾಪಿನ ಕೆಲಸಗಾರರು ಸುಮ್ಮನಿರುತ್ತಾರೆಯೇ? ಬಾಗಿಲ ಹಿಂದೆ ನಿಂತ ಹೊಸ ಸೊಸೆ ಎಂದು ಮರಾಠಿಯಲ್ಲಿ ಆಡಿಕೊಂಡರು. ಅವರಿಗೆ ಅದು ಚುಚ್ಚುತ್ತಿತ್ತು. ಜೊತೆಗೆ ನಿಜವಾದ ತೊಂದರೆಯೂ ಒಂದಿತ್ತು. ಆಗ ನಮ್ಮಲ್ಲಿ ಹಾಲಿಗೆ ಕಪ್ಪು ಪರದೆ ಎಳೆದು ಕತ್ತಲು ಮಾಡಿ, ವೋಲ್ಟೇಜ್ ಏರಿಸುತ್ತ ಹೋಗಿ, ಫ್ಲ್ಯಾಂಜಿನ ಅಡಿಯಲ್ಲಿ ನೀಲಿ ಬೆಳಕು ಯಾವಾಗ ಹತ್ತುತ್ತದೆ ಎಂದು ಒಬ್ಬರು ಕಣ್ಣಾರೆ ನೋಡಿ ಹೇಳಬೇಕಿತ್ತು. ಅಡ್ಡದ ಸೀಳಿನಿಂದ ಫ್ಲ್ಯಾಂಜಿನ ಅಡಿ ಕಾಣುತ್ತಿರಲಿಲ್ಲ. ಹೊಸ ಮಾದರಿಯ ಪರೀಕ್ಷೆಗಾದರೂ ಅಡ್ಡ ತೆಗೆಯಿರಿ ಎಂದು ಅವರು ಹಟ ಹಿಡಿದರು.

ನಮ್ಮ ಚೀಫ್ ಡಿಸೈನರ್ ಒಂದು ಷರತ್ತು ಹಾಕಿದರು. ಫ್ಲ್ಯಾಂಜಿನ ಅಂಚಿನ ಒತ್ತಡ ಮಿತಿಯೊಳಗಿದೆ ಎಂದು ಕಂಪ್ಯೂಟರ್ ಹೇಳಲಿ, ಅಡ್ಡ ತೆಗೆಯೋಣ. ಹೀಗೆ ಒಬ್ಬ ಮನುಷ್ಯನ ಮುಖದ ಮುಂದೆ ಹಲಗೆ ಇರಬೇಕೋ ಬೇಡವೋ ಎನ್ನುವುದು ನನ್ನ ಲೆಕ್ಕದ ಮೇಲೆ ನಿಂತಿತು.

ಚೀಫ್ ಮೈಸೂರಿನವರು. ವಿದ್ಯುತ್ ಕ್ಷೇತ್ರವನ್ನು ಕೈಯಿಂದಲೇ ಬರೆಯುವುದರಲ್ಲಿ ಅವರ ಸಮ ಯಾರೂ ಇರಲಿಲ್ಲ. ಮೆತ್ತನೆಯ ಪೆನ್ಸಿಲ್, ರಬ್ಬರು, ದೊಡ್ಡ ಹಾಳೆ. ಸಮಾನ ವೋಲ್ಟೇಜಿನ ಗೆರೆಗಳನ್ನು ಎಳೆಯುತ್ತಾ, ಒರೆಸುತ್ತಾ, ತಿದ್ದುತ್ತಾ ಕೂತರೆ ಸಂಜೆಯ ಹೊತ್ತಿಗೆ ಹಾಳೆ ನೋಡಲು ಎರಡು ಕಣ್ಣು ಸಾಲದು. ಆದರೆ ಕಣ್ಣಂದಾಜು ಕಣ್ಣಂದಾಜೇ. ಅದಕ್ಕೇ ನಗರದ ಒಂದು ಸಂಶೋಧನಾ ಸಂಸ್ಥೆಯ ಕಂಪ್ಯೂಟರಿನಲ್ಲಿ ನಮಗೆ ವಾರಕ್ಕೊಮ್ಮೆ ಸ್ವಲ್ಪ ಸಮಯ ಗೊತ್ತು ಮಾಡಿಸಿದ್ದರು.

ವಿಧಾನ ಕೇಳಲು ಸುಲಭ. ಬುಶಿಂಗನ್ನು ಉದ್ದಕ್ಕೆ ಸೀಳಿದಂತೆ ಬರೆದ ಚಿತ್ರದ ಮೇಲೆ ಚೌಕುಳಿ ಹಾಕಬೇಕು. ಸರಳಿನ ಮೇಲಿನ ಬಿಂದುಗಳಿಗೆ ನೂರು, ಫ್ಲ್ಯಾಂಜಿನ ಮೇಲಿನವಕ್ಕೆ ಸೊನ್ನೆ. ನಡುವಿನ ಪ್ರತಿ ಬಿಂದುವಿನ ಬೆಲೆ ಅದರ ನಾಲ್ಕು ನೆರೆಯವರ ಸರಾಸರಿಯಾಗಿರಬೇಕು, ಆಕಾರ ದುಂಡಗಿರುವುದರಿಂದ ಒಂದು ಚಿಕ್ಕ ತಿದ್ದುಪಡಿಯೊಂದಿಗೆ. ಮೊದಲು ಏನೋ ಒಂದು ಊಹೆಯ ಬೆಲೆ ಕೊಟ್ಟು, ಎಲ್ಲ ಬಿಂದುಗಳನ್ನೂ ಸುತ್ತಿ ಸುತ್ತಿ ಸರಾಸರಿಗೆ ಸರಿಹೊಂದಿಸುತ್ತ ಹೋದರೆ ಬೆಲೆಗಳು ತಮ್ಮ ಜಾಗಕ್ಕೆ ಬಂದು ಕೂರುತ್ತವೆ. ಒಂದು ಸುತ್ತಿನಲ್ಲಿ ಯಾವ ಬಿಂದುವೂ ಅತಿ ಸ್ವಲ್ಪಕ್ಕಿಂತ ಹೆಚ್ಚು ಅಲುಗದಿದ್ದರೆ ಉತ್ತರ ಬಂತು ಎಂದು ತಿಳಿದು ಯಂತ್ರ ನಿಲ್ಲುತ್ತದೆ. ಆ ‘ಅತಿ ಸ್ವಲ್ಪ’ ಎಷ್ಟೆಂದು ನಾವೆಲ್ಲ ಕೂತು ಮೊದಲೇ ಗೊತ್ತು ಮಾಡಿದ್ದೆವು.

ಊಹೆಯ ಬೆಲೆಗಳಿಗೆ ನಮ್ಮ ಕಾರ್ಖಾನೆಯಲ್ಲಿ ಒಂದು ರೂಢಿ ಇತ್ತು. ಚೀಫ್ ಬರೆದ ಚಿತ್ರದ ಮೇಲೆ ಚೌಕುಳಿ ಇಟ್ಟು, ಪ್ರತಿ ಬಿಂದುವಿನ ಬೆಲೆಯನ್ನು ಅದರಿಂದಲೇ ಓದಿ, ಯಂತ್ರ ಓದುವ ಪಂಚ್ ಕಾರ್ಡುಗಳಲ್ಲಿ ತೂತುಗಳಾಗಿ ಕೊರೆಯುತ್ತಿದ್ದೆವು. “ಸೊನ್ನೆಯಿಂದ ಶುರು ಮಾಡಿದ್ರೆ ಆ ಯಂತ್ರ ತಿಣುಕುತ್ತಮ್ಮ. ಹತ್ತಿರದಿಂದ ಶುರು ಮಾಡಿಸಿದ್ರೆ ಬೇಗ ತಲುಪುತ್ತೆ,” ಎನ್ನುತ್ತಿದ್ದರು ಚೀಫ್. ಸಿಗುವ ಸಮಯವೇ ಕಡಿಮೆ, ಚಿತ್ರ ಬರೆದವರೋ ಅಂಥವರು. ಯಾರಿಗೂ ಅದರಲ್ಲಿ ಹುಳುಕು ಕಾಣಲಿಲ್ಲ.

ಮೊದಲ ಸಲ ಉತ್ತರ ಬಂದಾಗ ಇಡೀ ಡಿಸೈನ್ ವಿಭಾಗ ಕುಣಿಯಿತು. ಕೆಲವೇ ಸುತ್ತುಗಳಲ್ಲಿ ಯಂತ್ರ ನಿಂತಿತ್ತು. ಪ್ರಿಂಟೌಟಿನ ಅಂಕಿಗಳನ್ನು ಗೆರೆಯಾಗಿ ಎಳೆದು ಚೀಫ್ ಚಿತ್ರದ ಮೇಲಿಟ್ಟರೆ ಎರಡೂ ಅಚ್ಚು ಹೊಡೆದ ಹಾಗೆ. ಫ್ಲ್ಯಾಂಜಿನ ಅಂಚಿನಲ್ಲಿ ಒತ್ತಡ ಮಿತಿಗಿಂತ ಚೆನ್ನಾಗಿಯೇ ಕೆಳಗೆ. ಚೀಫ್ ಎಲ್ಲರಿಗೂ ಕ್ಯಾಂಟೀನಿನಿಂದ ಚಹಾ, ಬಟಾಟೆ ವಡೆ ತರಿಸಿದರು. ಅಣ್ಣಾರು ಪ್ರಿಂಟೌಟನ್ನು ಎರಡು ಕೈಯಲ್ಲಿ ಹಿಡಿದು, ಪ್ರಸಾದ ಬಂದ ಹಾಗೆ ನೋಡಿ, “ಅಕ್ಕ, ಮಿಷಿನೇ ಹೇಳಿದ ಮೇಲೆ ಇನ್ನೆಂತ ಹೆದರಿಕೆ? ಆ ಹಲಗೆಯನ್ನು ಒಲೆಗೆ ಹಾಕುದು ನಾನು,” ಎಂದು ನಕ್ಕರು. ನಾನೂ ನಕ್ಕೆ.

ಪರೀಕ್ಷೆಗೆ ದಿನ ಗೊತ್ತಾಯಿತು. ಬುಶಿಂಗ್ ಕೊಳ್ಳುವವರ ಕಡೆಯ ಇನ್‌ಸ್ಪೆಕ್ಟರ್ ಬರುತ್ತಾರೆ, ಅವರಿಗೆ ಕೊಡಲು ಪ್ರಿಂಟೌಟಿನ ಇನ್ನೊಂದು ಪ್ರತಿ ಬೇಕು. ಅದೇ ಕಾರ್ಡುಗಳನ್ನು ಇನ್ನೊಮ್ಮೆ ಓಡಿಸಿ ತರುವುದಷ್ಟೆ ನನ್ನ ಕೆಲಸ. ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆ ಸಯನ್‌ನ ಕಾಕಾನ ಮನೆಯಿಂದ ಎರಡು ಡಬ್ಬಿ ಹಿಡಿದು ಹೊರಟೆ. ಒಂದರಲ್ಲಿ ಪ್ರೋಗ್ರಾಮಿನ ಕಾರ್ಡು, ಇನ್ನೊಂದರಲ್ಲಿ ಚೀಫ್ ಚಿತ್ರದಿಂದ ತೆಗೆದ ಬೆಲೆಗಳ ಕಾರ್ಡು.

ಲೋಕಲ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಡಬ್ಬಿಗಳನ್ನು ಸೀಟಿನ ಕೆಳಗೆ ತಳ್ಳಿ ನಿಂತೆ. ಪಕ್ಕದಲ್ಲಿ ಮೀನು ಮಾರುವ ಹೆಂಗಸೊಬ್ಬಳು ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಇಳಿಯುವಾಗ ನೋಡುತ್ತೇನೆ, ಬುಟ್ಟಿಯಿಂದ ಸೋರಿದ ನೀರು ಎರಡನೆಯ ಡಬ್ಬಿಯೊಳಗೆ ನುಗ್ಗಿದೆ! ನಾನು ಬಾಯಿ ಮಾಡಿದೆ. ಅವಳು ನನ್ನ ಎರಡರಷ್ಟು ಬಾಯಿ ಮಾಡಿದಳು. “ಕಾಗದ ಒಯ್ಯೋರು ಟ್ಯಾಕ್ಸಿಯಲ್ಲಿ ಹೋಗಿ ತಾಯಿ!” ಎಂದು ಮರಾಠಿಯಲ್ಲಿ ಝಾಡಿಸಿದಳು. ಒದ್ದೆ ಡಬ್ಬಿ ಎತ್ತಿಕೊಂಡು ಇಳಿದುಬಿಟ್ಟೆ.

ಕಂಪ್ಯೂಟರ್ ಕೇಂದ್ರದ ಆಪರೇಟರ್ ಡಬ್ಬಿ ತೆರೆದು ಮೂಗು ಮುಚ್ಚಿಕೊಂಡ. “ಮೇಡಮ್, ಯೆ ಕ್ಯಾ ಲಾಯಾ ಆಪ್ನೆ, ಬೊಂಬಿಲ್?” ಎಂದ, ನಾನು ಮೀನು ಹೊತ್ತು ತಂದ ಹಾಗೆ. ಕಾರ್ಡುಗಳು ಉಬ್ಬಿ ಒಂದಕ್ಕೊಂದು ಅಂಟಿದ್ದವು, ರೀಡರಿಗೆ ಹಾಕಿದರೆ ಯಂತ್ರವೇ ಕೆಟ್ಟೀತು ಎಂದ. ಹೊಸದಾಗಿ ಅಷ್ಟೂ ಕಾರ್ಡು ಕೊರೆಯಲು ಹೊತ್ತಿರಲಿಲ್ಲ. ನಮ್ಮ ಸರದಿ ತಪ್ಪಿದರೆ ಮತ್ತೆ ಮುಂದಿನ ವಾರ. ಊಹೆ ಯಾವುದಾದರೇನು, ಕೊನೆಗೆ ತಲುಪುವುದು ಒಂದೇ ಉತ್ತರಕ್ಕೆ ತಾನೇ ಎಂದುಕೊಂಡೆ. ಪುಸ್ತಕದಲ್ಲಿ ಓದಿದ್ದು ಹಾಗೆಯೇ. ಪ್ರೋಗ್ರಾಮಿನಲ್ಲಿ ಬೆಲೆಗಳನ್ನು ಓದುವ ಕಾರ್ಡು ಎಳೆದು ಹಾಕಿ, ನಡುವಿನ ಎಲ್ಲ ಬಿಂದುಗಳೂ ಸೊನ್ನೆಯಿಂದ ಶುರುವಾಗಲಿ ಎನ್ನುವ ಕಾರ್ಡು ಕೊರೆದು ಸೇರಿಸಿ ಕೊಟ್ಟೆ. ತಿಣುಕಲಿ, ನನಗೇನು!

ಮಧ್ಯಾಹ್ನ ಪ್ರಿಂಟೌಟ್ ಕೈಗೆ ಬಂತು. ಕೊನೆಯ ಸಾಲಿನಲ್ಲಿ, ಉತ್ತರ ನೆಲೆ ನಿಂತಿದೆ ಎಂಬ ಅದೇ ಒಕ್ಕಣೆ. ಹೊರಗಿನ ಬೆಂಚಿನ ಮೇಲೆ ಕೂತು, ಸುಮ್ಮನೆ ಒಂದು ಕಣ್ಣು ಹಾಯಿಸಿಬಿಡೋಣ ಎಂದು ಹಳೆಯ ಪ್ರಿಂಟೌಟಿನ ಪಕ್ಕಕ್ಕೆ ಹಿಡಿದೆ.

ನಡುವಿನ ಬಿಂದುಗಳ ಒಂದು ಅಂಕಿಯೂ ತಾಳೆಯಾಗುವುದಿಲ್ಲ. ಹಳೆಯದರಲ್ಲಿ ಮೂವತ್ತು ಇದ್ದ ಕಡೆ ಇಲ್ಲಿ ಹದಿನೈದು ಚಿಲ್ಲರೆ. ಬೇರೆ ಯಾರದೋ ಪ್ರಿಂಟೌಟ್ ಕೊಟ್ಟರೇನೋ ಎಂದು ತಲೆಬರಹ ನೋಡಿದೆ, ನನ್ನದೇ. ಅದೇ ಬುಶಿಂಗ್, ಅದೇ ಅಳತೆ, ಅದೇ ಪ್ರೋಗ್ರಾಮ್. ಎರಡು ಉತ್ತರ. ಎರಡಕ್ಕೂ ಯಂತ್ರ ‘ಮುಗಿಯಿತು’ ಎಂದು ಷರಾ ಬರೆದಿದೆ. ಅಯ್ಯೋ ದೇವರೇ, ಇದೇನಿದು ಎಂದು ಬಾಯಿಬಿಟ್ಟೇ ಅಂದೆನಂತೆ, ಆಪರೇಟರ್ ಹೊರಗೆ ಬಂದು ನೋಡಿದ.

ಚರ್ಚ್‌ಗೇಟಿನಿಂದ ಗೋರೆಗಾಂವ್‌ವರೆಗೆ ಲೋಕಲ್‌ನಲ್ಲಿ ಪೆನ್ಸಿಲ್ ಹಿಡಿದು ಕೂತೆ. ಹಳೆಯ ಪ್ರಿಂಟೌಟಿನಲ್ಲಿ ಫ್ಲ್ಯಾಂಜಿನ ಹತ್ತಿರದ ಒಂದು ಬಿಂದು ಹಿಡಿದು ಅದರ ನಾಲ್ಕು ನೆರೆಯವರ ಸರಾಸರಿ ತೆಗೆದೆ. ಬಿಂದುವಿನ ಬೆಲೆಗಿಂತ ಕೂದಲೆಳೆಯಷ್ಟು ಹೆಚ್ಚು ಬಂತು. ಇರಲಿ, ನಾವೇ ಬಿಟ್ಟ ‘ಅತಿ ಸ್ವಲ್ಪ’ ಅದು. ಪಕ್ಕದ ಬಿಂದು, ಅಲ್ಲೂ ಹೆಚ್ಚು. ಮೇಲಿನದು, ಹೆಚ್ಚು. ಕೆಳಗಿನದೂ ಹೆಚ್ಚು. ಅಲ್ಲೊಂದು ಹೆಚ್ಚು, ಇಲ್ಲೊಂದು ಕಡಿಮೆ ಇದ್ದರೆ ಒಂದನ್ನೊಂದು ಹೊಡೆದುಹಾಕುತ್ತವೆ. ಇಲ್ಲಿ ಎಲ್ಲ ಬಿಂದುಗಳೂ ಒಂದೇ ದಿಕ್ಕಿಗೆ, ಮೇಲಕ್ಕೆ ಹೋಗಲು ಕಾಯುತ್ತ ಕೂತಿದ್ದವು. ಅಂಧೇರಿ ಬರುವಷ್ಟರಲ್ಲಿ ನನಗೆ ಅರ್ಥವಾಗಿತ್ತು.

ಬೆಲೆಗಳು ನಿಂತಿರಲೇ ಇಲ್ಲ. ತೀರ ನಿಧಾನವಾಗಿ ಏರುತ್ತಿದ್ದವು, ಅಷ್ಟು ನಿಧಾನ ಎಂದರೆ ನಾವು ಅದನ್ನೇ ನಿಲುಗಡೆ ಎಂದುಕೊಂಡಿದ್ದೆವು. ಚೀಫ್ ಚಿತ್ರದಿಂದ ಹೊರಟರೆ ಕಣ್ಣಂದಾಜಿನ ಸಣ್ಣಪುಟ್ಟ ಒರಟುಗಳನ್ನು ಕೆಲವು ಸುತ್ತಿನಲ್ಲಿ ನಯಮಾಡಿ ಯಂತ್ರ ಅಲ್ಲೇ ನಿಂತಿತ್ತು. ಸೊನ್ನೆಯಿಂದ ಹೊರಟರೆ ಸ್ವಲ್ಪ ದೂರ ಏರಿ ಅರ್ಧ ದಾರಿಯಲ್ಲಿ ನಿಂತಿತ್ತು. ನಿಜವಾದ ಉತ್ತರ ಎರಡಕ್ಕಿಂತಲೂ ಮೇಲೆ. ಎಷ್ಟು ಮೇಲೆ ಎನ್ನುವುದು ನನಗಾಗಲಿ ಯಂತ್ರಕ್ಕಾಗಲಿ ಗೊತ್ತಿರಲಿಲ್ಲ. ಫ್ಲ್ಯಾಂಜಿನದು ಸೊನ್ನೆ, ಅದರ ಸುತ್ತಲಿನ ಬೆಲೆ ಏರಿದಷ್ಟೂ ಅಂಚಿನ ಒತ್ತಡ ಏರುತ್ತದೆ. ನಾಳೆ ಬೆಳಿಗ್ಗೆ ಆ ಅಂಚಿನ ಎದುರಿಗೆ ಅಣ್ಣಾರ ಮುಖ ಇರುತ್ತದೆ.

ಚೀಫ್ ಎರಡೂ ಪ್ರಿಂಟೌಟ್ ನೋಡಿ ಮೊದಲು ಹಗುರವಾಗಿಯೇ ತೆಗೆದುಕೊಂಡರು. “ಅಂಚಿನಲ್ಲಿ ಇದು ಇನ್ನೂ ಕಡಿಮೆ ತೋರಿಸ್ತಿದೆಯಲ್ಲಮ್ಮ. ಒಳ್ಳೇದೇ ಆಯ್ತು. ಅರ್ಧ ಕಾರ್ಡು ಮೀನಿನ ನೀರಲ್ಲಿ ಅದ್ದಿ ತಂದ್ರೆ ಇನ್ನೇನು ಬರುತ್ತೆ?”

ನನಗೆ ಎಲ್ಲಿತ್ತೋ ಸಿಟ್ಟು. “ಸರ್, ಕಡಿಮಿ ಬಂತು ಅಂತ ಖುಷಿ ಪಡಬ್ಯಾಡ್ರಿ! ಒಂದು ಲೆಕ್ಕಕ್ಕ ಎರಡು ಉತ್ತರ ಬಂದಾವ. ಎರಡೂ ಖರೆ ಹ್ಯಾಂಗ ಆಗತಾವರಿ? ನೀವೇ ಕೂಡಿಸಿ ನೋಡ್ರಿ, ಯಾವ ಬಿಂದು ಬೇಕಾದರೂ ತೊಗೋರಿ.”

ಅವರ ಮುಂದೆ ಯಾರೂ ಹಾಗೆ ಮಾತಾಡಿದ್ದಿಲ್ಲ. ಒಂದು ಕ್ಷಣ ನನ್ನನ್ನೇ ನೋಡಿ, ಕನ್ನಡಕ ಏರಿಸಿ ಪೆನ್ಸಿಲ್ ತೆಗೆದುಕೊಂಡರು. ಒಂದು ಬಿಂದು ನೋಡಿದರು. ಇನ್ನೊಂದು. ಪುಟ ತಿರುವಿ ದೂರದ್ದೊಂದು. ಪೆನ್ಸಿಲ್ ಮೇಜಿನಿಂದ ಉರುಳಿ ಬಿತ್ತು, ಅವರು ಎತ್ತಿಕೊಳ್ಳಲಿಲ್ಲ.

“ಹಾಗಾದ್ರೆ,” ಎಂದರು, “ಅದು ನನ್ನ ಚಿತ್ರವನ್ನೇ ನನಗೆ ಓದಿ ಹೇಳ್ತಾ ಇತ್ತೇನಮ್ಮ? ಅದಕ್ಕಾ ನಾವು ವಡೆ ತಿಂದದ್ದು?”

ಯಂತ್ರದ ಸಮಯ ಮತ್ತೆ ಸಿಗುವುದು ಮುಂದಿನ ವಾರ. ಇನ್‌ಸ್ಪೆಕ್ಟರ್ ಆಗಲೇ ತಮ್ಮ ಊರಿನಿಂದ ಹೊರಟಾಗಿತ್ತು. ಪರೀಕ್ಷೆ ನಡೆಯಲಿ, ಆದರೆ ಅಡ್ಡ ಹಾಕಿಯೇ ನಡೆಯಲಿ ಎಂದು ಚೀಫ್ ತೀರ್ಮಾನಿಸಿದರು.

ಮರುದಿನ ನಾವಿಬ್ಬರೂ ಹಾಲಿಗೆ ಹೋಗುವಷ್ಟರಲ್ಲಿ ಅಣ್ಣಾರು ಹಲಗೆಗಳನ್ನೆಲ್ಲ ಬಿಚ್ಚಿಸಿ ಗೋಡೆಗೆ ಒರಗಿಸಿದ್ದರು. ಇನ್‌ಸ್ಪೆಕ್ಟರ್ ಕಂಟ್ರೋಲ್ ಡೆಸ್ಕಿನ ಹಿಂದೆ ಕೂತಿದ್ದರು. ಶಾಪಿನವರು ಬಾಗಿಲಲ್ಲಿ ಗುಂಪುಗೂಡಿದ್ದರು, ಸೊಸೆ ಹೊರಗೆ ಬಂದದ್ದನ್ನು ನೋಡಲು. ಚೀಫ್ ವಿಷಯ ಹೇಳಿದಾಗ ಅಣ್ಣಾರ ಮುಖ ಕೆಂಪಾಯಿತು.

“ಇಲ್ಲ ಸಾರ್. ನೀವು ಹೇಳಿದ ಹಾಗೇ ಮಿಷಿನ್ ಹೇಳಿಯಾಯ್ತು. ಈಗ ಇಷ್ಟು ಜನರ ಎದುರು ಪುನಃ ನಾನು ಹಲಗೆ ಹಿಂದೆ ಹೋಗುದಾ? ಸಾಧ್ಯ ಇಲ್ಲ.”

“ಅಣ್ಣಾರ, ಆ ಲೆಕ್ಕ ತಪ್ಪೈತ್ರಿ,” ಎಂದೆ. “ಮಿಷಿನ್ ಏನೂ ಹೇಳಿಲ್ಲ. ನಾವು ಹಾಕಿದ್ದನ್ನ ತಿರುಗಿ ಕೊಟ್ಟೈತಿ.”

“ಮಿಷಿನ್ ತಪ್ಪುದುಂಟಾ ಅಕ್ಕ? ನಿಮಗೆ ಈಗ ಹೆದರಿಕೆ ಆಗ್ತಾ ಉಂಟು, ಅಷ್ಟೆ. ಹೋಗಿ ಆಚೆ ಕೂತ್ಕೊಳ್ಳಿ.”

ಇವರಿಗೆ ಸರಾಸರಿ, ದಿಕ್ಕು ಎಂದು ಬಿಡಿಸಿ ಹೇಳಲು ಅದು ಹೊತ್ತೂ ಅಲ್ಲ, ಜಾಗವೂ ಅಲ್ಲ. ಚೀಫ್ ಅಪ್ಪಣೆ ಮಾಡಬಹುದಿತ್ತು, ಆದರೆ ಆ ಮನುಷ್ಯ ಕೆಲಸ ಬಿಟ್ಟು ನಡೆದುಬಿಡುವ ಜಾತಿ. ನನ್ನ ತಲೆಯಲ್ಲಿ ಯಾವ ಯೋಚನೆಯೂ ಉಳಿದಿರಲಿಲ್ಲ. ನೆಟ್ಟಗೆ ಹೋಗಿ ಜಾಲರಿಯ ಪಕ್ಕದಲ್ಲಿ ಅವರಿಗಿಂತ ಒಂದು ಹೆಜ್ಜೆ ಮುಂದೆ ನಿಂತೆ.

“ಹಂಗಾರ ನಾನೂ ಇಲ್ಲೇ ನಿಂದರತೀನಿ. ಲೆಕ್ಕ ನಂದಲ್ಲೇನ್ರಿ? ಸರ್, ಪರದೆ ಎಳಸ್ರಿ, ಚಾಲೂ ಮಾಡ್ರಿ.”

ಅಣ್ಣಾರು ನನ್ನ ಮುಖ ನೋಡಿದರು, ಚೀಫ್ ಮುಖ ನೋಡಿದರು. “ನಿಮಗೆ ಮರ್ಲಾ? ಹುಚ್ಚಾ?” ಎಂದು ಅಣ್ಣಾರು ಕಿರುಚಿದರು. “ಹೆಣ್ಣು ಮಗಳು, ಇಲ್ಲಿ ಬಂದು ನಿಲ್ಲುದಾ? ಮುಖಕ್ಕೆ ಎಂತಾದ್ರೂ ಆದ್ರೆ ನಿಮ್ಮ ಕಾಕನಿಗೆ ಯಾರು ಉತ್ತರ ಹೇಳುದು?” ನಾನು ಅಲುಗಲಿಲ್ಲ. ಅವರು ಬಾಗಿಲಲ್ಲಿದ್ದವರ ಕಡೆ ತಿರುಗಿ ತುಳು, ಹಿಂದಿ, ಮರಾಠಿ ಎಲ್ಲ ಸೇರಿಸಿ ಬೈದು, ಹಲಗೆಗಳನ್ನು ಮತ್ತೆ ಎತ್ತಿಸಿದರು. ತಾವೇ ಬೋಲ್ಟು ಬಿಗಿದರು, ಒಂದೊಂದು ಬೋಲ್ಟಿಗೂ ನನ್ನನ್ನು ಬೈಯುತ್ತ.

ಫ್ಲ್ಯಾಂಜಿನ ಅಡಿ ಕಾಣುವುದು ಹೇಗೆ ಎನ್ನುವ ಪ್ರಶ್ನೆ ಹಾಗೇ ಇತ್ತು. ಹೆಂಗಸರ ಬಾತ್‌ರೂಮಿನ ಗೋಡೆಯ ಕನ್ನಡಿಯನ್ನು ಮೊಳೆ ಸಮೇತ ಕಿತ್ತು ತಂದೆ. ಸೀಳಿನ ಎದುರಿಗೆ, ಜಾಲರಿಯ ಬುಡದಲ್ಲಿ ಅದನ್ನು ಓರೆಯಾಗಿ ನಿಲ್ಲಿಸಿದಾಗ ಫ್ಲ್ಯಾಂಜಿನ ಅಡಿ ಪೂರ್ತಿ ಕಂಡಿತು. ಇಷ್ಟು ಸುಲಭದ ಉಪಾಯ ಅಷ್ಟು ದಿನ ಒಬ್ಬರಿಗೂ ಹೊಳೆದಿರಲಿಲ್ಲ. ಅಡ್ಡ ತೆಗೆಯುವುದೇ ಗಂಡಸುತನ ಎಂದು ಕೂತವರಿಗೆ ಕನ್ನಡಿ ಎಲ್ಲಿಂದ ನೆನಪಾಗಬೇಕು!

ಪರದೆ ಎಳೆದರು. ಚೀಫ್ ತಾವೇ ಡೆಸ್ಕಿನಲ್ಲಿ ನಿಂತು ವೋಲ್ಟೇಜಿನ ಚಕ್ರ ತಿರುಗಿಸತೊಡಗಿದರು. ಹಲಗೆಯ ಹಿಂದೆ ಅಣ್ಣಾರು ಸೀಳಿಗೆ ಕಣ್ಣಿಟ್ಟಿದ್ದರು, ಅವರ ಬೆನ್ನ ಹಿಂದೆ ನಾನು. ಚೀಫ್ ಒಂದೊಂದು ಅಂಕಿ ಹೇಳಿದಾಗಲೂ ಅಣ್ಣಾರು “ಇಲ್ಲ” ಎನ್ನುತ್ತಿದ್ದರು. ಬೆಳಕು ಹತ್ತಬಹುದು ಎಂದು ನಾವು ಲೆಕ್ಕ ಹಾಕಿದ್ದ ವೋಲ್ಟೇಜು ಇನ್ನೂ ಬಹಳ ದೂರ ಇತ್ತು. ಆಗ ಅವರು ಉಸಿರು ಎಳೆದುಕೊಂಡರು. “ಹತ್ತಿತು. ಅಯ್ಯಯ್ಯೋ, ಸುತ್ತಲೂ ಹತ್ತಿತು ಸಾರ್—”

ಚೀಫ್ ಚಕ್ರ ಹಿಂದಕ್ಕೆ ತಿರುಗಿಸುವಷ್ಟರಲ್ಲಿ ಅದು ಸಿಡಿಯಿತು. ಆ ಸದ್ದು ಕಿವಿಗಿಂತ ಮೊದಲು ಎದೆಗೆ ಬಡಿಯಿತು. ಹಲಗೆ ನಮ್ಮ ಮೇಲೆ ಬೀಳುವಂತೆ ಅದುರಿತು, ಎಣ್ಣೆಯ ನಾತ, ಆಮೇಲೆ ಪಿಂಗಾಣಿ ಚೂರುಗಳು ನೆಲದ ಮೇಲೆ ಉರುಳಿ ಉರುಳಿ ನಿಲ್ಲುವ ಸದ್ದು. ಯಾರೋ ಪರದೆ ಸರಿಸಿದರು. ಕನ್ನಡಿಯ ಚೌಕಟ್ಟು ಕೂಡ ಉಳಿದಿರಲಿಲ್ಲ. ಹಲಗೆಯ ಆ ಬದಿಯಲ್ಲಿ, ಒಬ್ಬ ಆಳಿನ ಮುಖದ ಎತ್ತರದಲ್ಲಿ, ಅಂಗೈ ಅಗಲದ ಒಂದು ಚೂರು ಕೊಡಲಿಯ ಹಾಗೆ ನೆಟ್ಟಿತ್ತು. ಅಣ್ಣಾರು ಅದನ್ನು ಮುಟ್ಟಿ ನೋಡಿ ಹೊರಗೆ ನಡೆದರು.

ಮುಂದಿನ ವಾರ ಮೊದಲಿನಿಂದ ಲೆಕ್ಕ ಮಾಡಿದೆ. ನಿಲ್ಲುವ ಮಿತಿಯನ್ನು ನೂರು ಪಟ್ಟು ಬಿಗಿ ಮಾಡಿದೆ. ಪ್ರತಿ ಸುತ್ತಿನಲ್ಲಿ ಸರಾಸರಿಗೆ ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಜರುಗಿಸಿ ವೇಗ ಹೆಚ್ಚಿಸುವ ಕ್ರಮವನ್ನೂ ಸೇರಿಸಿದೆ. ಒಂದು ಸಲ ಸೊನ್ನೆಯಿಂದ, ಒಂದು ಸಲ ನೂರರಿಂದ ಓಡಿಸಿದೆ. ಕೆಳಗಿನಿಂದ ಹತ್ತಿದ್ದೂ ಮೇಲಿನಿಂದ ಇಳಿದದ್ದೂ ಒಂದೇ ಕಡೆ ಬಂದು ಸೇರಿದವು. ಅಂಚಿನ ಒತ್ತಡ ನಾವು ನಂಬಿದ್ದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು. ಚೀಫ್ ಹೊಸ ಫ್ಲ್ಯಾಂಜಿನ ಚಿತ್ರಕ್ಕೆ ಕೂತರು.

ಅಣ್ಣಾರು ಅಷ್ಟು ದಿನ ನನ್ನ ಜೊತೆ ಮಾತು ಬಿಟ್ಟಿದ್ದರು. ಹೊಸ ಪ್ರಿಂಟೌಟ್ ಬಂದಿದೆ ಎಂದು ಕೇಳಿ ನನ್ನ ಮೇಜಿನ ಹತ್ತಿರ ಬಂದರು. ಅಂಚಿನ ಅಂಕಿಯ ಮೇಲೆ ಬೆರಳಿಟ್ಟು ತೋರಿಸಿದೆ.

“ಇಷ್ಟು ಅಂತ ನಿಮಗೆ ಆವತ್ತೇ ಗೊತ್ತಿತ್ತಲ್ಲ ಅಕ್ಕ? ಸಿಡೀತದೆ ಅಂತ ಗೊತ್ತಿದ್ದೇ ನನ್ನನ್ನು ಹೆದರಿಸ್ಲಿಕ್ಕೆ ಮುಂದೆ ನಿಂತದ್ದು ತಾನೇ?”

“ಇಲ್ರಿ ಅಣ್ಣಾರ. ಮ್ಯಾಲೆ ಹೋಗತೈತಿ ಅಂತಷ್ಟ ಗೊತ್ತಿತ್ತು. ಎಷ್ಟು ಮ್ಯಾಲೆ ಅಂತ ಗೊತ್ತಿರಲಿಲ್ಲ. ಸಿಡೀದೇ ಇದ್ದರೂ ಇರಬಹುದಿತ್ತು.”

“ನಾನು ಹಟ ಬಿಡದೇ ಇದ್ದಿದ್ರೆ?”

“ನಿಮ್ಮ ಜೋಡಿ ಅಲ್ಲೇ ನಿಂದರತಿದ್ದೆ.”

ಅವರು ನನ್ನ ಮೇಜಿನ ತುದಿ ಹಿಡಿದುಕೊಂಡರು. ಅಷ್ಟು ದೊಡ್ಡ ಸ್ಫೋಟದ ಎದುರು ಅಲುಗದ ಮನುಷ್ಯ, ಕುರ್ಚಿಗಾಗಿ ಕೈಯಿಂದ ತಡಕಾಡಿ ಕೂತರು. “ಗೊತ್ತಿಲ್ಲದೆಯೇ ನನಗೋಸ್ಕರ ನಿಂತದ್ದಾ?” ಎಂದರು, ಮತ್ತೆ ಅದನ್ನೇ ಅಂದರು. ಆಮೇಲೆ ಇಡೀ ಡಿಸೈನ್ ವಿಭಾಗದ ಎದುರು, ಮುಖ ಮುಚ್ಚಿಕೊಳ್ಳದೆ, ಅತ್ತುಬಿಟ್ಟರು.